ಹದಿನೈದು ಮಂದಿ, ಮುನ್ನೂರ ಎಂಬತ್ತೆರಡು ಮೀಟರ್

ಅವ್ವ ತೀರಿಕೊಂಡು ಐದು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ಅವಳ ಭಜನೆ, ಅವಳ ಕೈರುಚಿ ನೆನೆಯುತ್ತಾರೆ. ನನಗೆ ಮೊದಲು ನೆನಪಾಗುವುದು ಒಂದು ಕೋಷ್ಟಕ. ಅದರಲ್ಲಿ ಅವಳ ಹೆಸರಿಲ್ಲ. ಒಂದನೇ ನಂಬರ್ ಎಂದಿದೆ. ವಯಸ್ಸು ಐವತ್ತೊಂಬತ್ತು, ಎತ್ತರ ನೂರ ನಲವತ್ತೊಂಬತ್ತು ಸೆಂಟಿಮೀಟರ್. ತೂಕದ ಮುಂದೆ "ಸಂಚಿ ಸಹಿತ" ಎಂದು ಬರೆದಿದ್ದೇನೆ. ಎಲೆ ಅಡಿಕೆಯ ಸಂಚಿಯನ್ನು ಸೊಂಟದಿಂದ ತೆಗೆದಿಟ್ಟು ತೂಕದ ಯಂತ್ರ ಹತ್ತು ಎಂದದ್ದಕ್ಕೆ, "ಅದನ್ನ ತಗದ್ರ ನಾ ಎಲ್ಲಿ ಉಳದೆ?" ಎಂದಿದ್ದಳು.

ನಾನು ಓದಿದ್ದು ಕ್ರೀಡೆ ಮತ್ತು ವ್ಯಾಯಾಮ ವಿಜ್ಞಾನ. ಡಿಗ್ರಿಯವರೆಗೆ ಕೊಕ್ಕೊ ಆಡಿದ್ದೆ. ಮೊಣಕಾಲು ತಿರುಚಿಕೊಂಡ ಮೇಲೆ ಆಡುವುದು ನಿಂತಿತು, ಆಟದ ಹುಚ್ಚು ನಿಲ್ಲಲಿಲ್ಲ. ಜಿಲ್ಲಾ ಊರಿನ ವಿಶ್ವವಿದ್ಯಾಲಯದಲ್ಲಿ ಇಂಥದ್ದೊಂದು ಎಂ.ಎಸ್ಸಿ. ಇದೆ ಎಂದು ತಿಳಿದು ಅರ್ಜಿ ಹಾಕಿದೆ. ಇಂಡಿ ತಾಲೂಕಿನ ನಮ್ಮ ಊರಲ್ಲಿ ಇದನ್ನು ಯಾರಿಗೂ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಾಗ ಹಿರಿಯರೊಬ್ಬರು ಕೇಳಿದ್ದರು:

"ಏನ್ ಓದಾಕತ್ತೀ ತಂಗಿ?"

"ವ್ಯಾಯಾಮ ವಿಜ್ಞಾನರಿ."

"ಅಂದ್ರ ಪೀಟಿ ಟೀಚರ್?"

"ಅಲ್ಲರಿ. ಮನಷ್ಯಾ ಓಡಿದಾಗ ಮೈಯಾಗ ಏನಾಗತೈತಿ ಅಂತ ಓದೂದು."

"ಏನಾಗತೈತಿ? ಬೆವರ ಬರತೈತಿ."

ಎರಡು ವರ್ಷದ ಪಾಠವನ್ನು ಅವರು ಬಸ್ಸು ಬರುವುದರೊಳಗೆ ಮುಗಿಸಿದರು. ಅವ್ವ ಮಾತ್ರ ನೆರೆಹೊರೆಗೆ ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು: "ದಮ್ಮ ಯಾಕ ಹತ್ತತೈತಿ ಅಂತ ಹುಡಕಾಕತ್ತಾಳವಾ ನಮ್ಮಾಕಿ. ಸಿಕ್ಕಮ್ಯಾಲ ಮನಿಗಿ ಬರ್ತಾಳ."

ನಮ್ಮ ವಿಭಾಗದಲ್ಲಿ ಒಂದೇ ಟ್ರೆಡ್‌ಮಿಲ್ ಇತ್ತು. ಸಿಂದಗಿಯ ಸೈಕಲ್ ಪಟು ಒಬ್ಬ, ಬಸವನ ಬಾಗೇವಾಡಿಯ ಓಟಗಾರ ಒಬ್ಬ, ಮುದ್ದೇಬಿಹಾಳದ ಕಬಡ್ಡಿ ಹುಡುಗಿ ಒಬ್ಬಳು, ನಾನು: ಸರದಿಯ ಮೇಲೆ ಒಬ್ಬರು ಅದರ ಮೇಲೆ ಓಡುವುದು, ಉಳಿದವರು ಬರೆದುಕೊಳ್ಳುವುದು. ಕರೆಂಟು ಹೋದಾಗ ಓಡುವವರು ಮುಗ್ಗರಿಸುತ್ತಿದ್ದರು, ಬರೆದುಕೊಳ್ಳುವವರು ಅದನ್ನೂ ಬರೆದುಕೊಳ್ಳುತ್ತಿದ್ದರು. ಹೊಟ್ಟೆಯ ಚರ್ಮವನ್ನು ಚಿಮಟಿಗೆಯಂಥ ಸಾಧನದಿಂದ ಹಿಡಿದು ಕೊಬ್ಬು ಅಳೆಯುವ ದಿನವೇ ಮುದ್ದೇಬಿಹಾಳದವಳು ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಳು. ಅಳೆದಾದ ಮೇಲೆ ತಿನ್ನೋಣ ಎಂದೆ ನಾನು. "ಅಳದಮ್ಯಾಲ ಯಾರಿಗಿ ತಿನ್ನಾಕ ಮನಸ್ಸ ಬರತೈತಿ?" ಎಂದು ಅವಳು ಮೊದಲೇ ಹಂಚಿಬಿಟ್ಟಳು.

ಎರಡನೇ ವರ್ಷದ ಸಂಶೋಧನೆಗೆ ನಾನು ಹಳ್ಳಿಯ ಹಿರಿಯ ಹೆಂಗಸರ ನಡಿಗೆಯ ಸಾಮರ್ಥ್ಯವನ್ನು ಆರಿಸಿಕೊಂಡೆ. ಕಾರಣ ಸರಳ. ನಮ್ಮ ಓಣಿಯಿಂದ ಪ್ರತಿ ಆಷಾಢ ಏಕಾದಶಿಗೆ ಹದಿನೈದು ಹೆಂಗಸರು ಐದು ದಿನ ನಡೆದು ಪಂಢರಪುರಕ್ಕೆ ಹೋಗುತ್ತಾರೆ. ಆ ದಿಂಡಿಯ ಮುಂದೆ ತಲೆಯ ಮೇಲೆ ತುಳಸಿ ಹೊತ್ತು ನಡೆಯುವವಳು ಅವ್ವ. ಇಪ್ಪತ್ತೆರಡು ವರ್ಷ ಒಂದನ್ನೂ ತಪ್ಪಿಸಿರಲಿಲ್ಲ. ತುಳಸಿಯನ್ನು ದಾಟಿ ಯಾರೂ ಮುಂದೆ ಹೋಗುವಂತಿಲ್ಲ. ಅದು ದಿಂಡಿಯ ರೀತಿ.

ಆ ವರ್ಷ ಅಣ್ಣ ಬೇಡವೆಂದಿದ್ದ. ಅಪ್ಪ ಹೋದ ಮೇಲೆ ಮನೆಯಲ್ಲಿ ಬೇಕು-ಬೇಡದ ಮಾತು ಅಣ್ಣನದು. ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ನೀರಿನ ಕೊಡ ಇಳಿಸಿ ಅವ್ವ ಕಟ್ಟೆಯ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತದ್ದು ಎರಡು ಸಲ ಅವನ ಕಣ್ಣಿಗೆ ಬಿದ್ದಿತ್ತು.

"ಈ ಸಲ ಬಸ್ಸಿಗಿ ಹೋಗಿ ಬಾ."

"ಬಸ್ಸಿಗಿ ಹೋದ್ರ ಅದು ಬೀಗರ ಮನಿಗಿ ಹೋದಂಗಾತು."

"ದಮ್ಮ ಹತ್ತತೈತಿ ನಿನಗ."

"ಯಾರ್ ಹೇಳ್ಯಾರ? ನಿನ್ನ ತಂಗಿ ಅದನ್ನ ಓದಾಕತ್ತಾಳ. ಆಕಿ ಪರೀಕ್ಷಾ ಮಾಡ್ಲಿ. ಪಾಸಾದ್ರ ಹೋಗ್ತೇನಿ, ನಪಾಸಾದ್ರ ನೀ ಹೇಳ್ದಂಗ."

ಅಣ್ಣ ನನ್ನ ಕಡೆ ನೋಡಿದ. "ಲೆಕ್ಕ ಬರೋಬ್ಬರಿ ಬಂದ್ರ ನಾ ಬ್ಯಾಡ ಅನ್ನಂಗಿಲ್ಲ" ಎಂದ. ಹೀಗೆ ಅವ್ವನ ದಿಂಡಿ ನನ್ನ ಕೈಗೆ ಬಂತು. ನನಗೆ ಬೇಕಾಗಿದ್ದದ್ದು ಹದಿನೈದು ಜನರ ಅಂಕಿಗಳು ಮಾತ್ರ.

ಊರಲ್ಲಿ ಮೂವತ್ತು ಮೀಟರ್ ಸಪಾಟಾದ ಜಾಗವೆಂದರೆ ವಿಠ್ಠಲ ಮಂದಿರದ ಮುಂದಿನ ಸಿಮೆಂಟ್ ರಸ್ತೆ ಒಂದೇ. ವಿಭಾಗದಿಂದ ತಂದ ಎರಡು ಕೆಂಪು ಕೋನ್‌ಗಳನ್ನು ಎರಡು ತುದಿಗೆ ಇಟ್ಟೆ. ಮರೆತು ಬಂದ, ಬರೆದುಕೊಳ್ಳುವ ವಹಿ ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಎರಡಕ್ಕೂ ಅರಿಷಿಣ ಕುಂಕುಮ ಹಚ್ಚಿ, ಬುಡಕ್ಕೆ ಒಂದೊಂದು ನಿಂಬೆಹಣ್ಣು ಇಟ್ಟಿದ್ದರು. ಹಚ್ಚಿದವಳು ಪಕ್ಕದ ಮನೆಯ ಕಾಕು. ದಿಂಡಿಯಲ್ಲಿ ಯಾವಾಗಲೂ ಅವ್ವನ ಬೆನ್ನ ಹಿಂದೆಯೇ ಇರುವವಳು.

"ಕಾಕು, ಇವನ್ನ ವಾಪಸ್ ಕೊಡಬೇಕ್ರಿ."

"ಕೊಡು. ನಾವೇನ್ ಕಿತಗೊಂಡೇವೇನು? ಹೊಸಾ ಕೆಲಸ ಚಾಲೂ ಮಾಡೂಮುಂದ ಹಂಗ ಮಾಡಬಾರ್ದು."

ಪರೀಕ್ಷೆ ಕಷ್ಟದ್ದಲ್ಲ. ಒಬ್ಬೊಬ್ಬರೇ ಆರು ನಿಮಿಷ ಎರಡು ಕೋನ್‌ಗಳ ನಡುವೆ ಆದಷ್ಟು ಬಿರುಸಾಗಿ ಹೋಗಿ ಬರಬೇಕು. ಎಷ್ಟು ಮೀಟರ್ ಆಯಿತೆಂದು ಬರೆದುಕೊಂಡು ಕೂಡಲೇ ನಾಡಿ ಎಣಿಸಬೇಕು. ನಡೆಯುವವರಿಗೆ ನಿಮಿಷಕ್ಕೊಮ್ಮೆ ಪುಸ್ತಕದಲ್ಲಿರುವ ಮಾತನ್ನೇ, ಒಂದೇ ದನಿಯಲ್ಲಿ ಹೇಳಬೇಕು, ಹೆಚ್ಚು ಹುರಿದುಂಬಿಸಬಾರದು. ಮೊದಲು ನಡೆಯುವವಳು ಅವ್ವ ಎನ್ನುವುದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ, ಉಳಿದವರು ಆಗಲೇ ಅವಳ ಹಿಂದೆ ಸಾಲಾಗಿ ನಿಂತಿದ್ದರು. ಅವರನ್ನು ಕಟ್ಟೆಯ ಮೇಲೆ ಕೂರಿಸಲು ಕಾಲು ತಾಸು ಹಿಡಿಯಿತು.

ಒಂದು ನಿಮಿಷವಾದ ಮೇಲೆ ನಾನು ಹೇಳಿದೆ: "ಚೆನ್ನಾಗಿ ನಡೆಯುತ್ತಿದ್ದೀರಿ. ಇನ್ನು ಐದು ನಿಮಿಷ ಉಳಿದಿದೆ."

ಅವ್ವ ನಿಂತೇಬಿಟ್ಟಳು. "ಯಾರಿಗಿ ಹೇಳಾಕತ್ತೀ?"

"ನಿನಗ. ನಿಲ್ಲಬ್ಯಾಡ, ನಡಿ."

"ಮತ್ತ ರೇಡಿಯೋದಾಗಿನಾಕಿ ಹಂಗ ಯಾಕ ಮಾತಾಡ್ತಿ? ಅವ್ವಾ ಅನ್ನು."

ಪುಸ್ತಕದಲ್ಲಿ ಅವ್ವಾ ಎನ್ನಲು ಅವಕಾಶವಿರಲಿಲ್ಲ. ಮುಂದಿನ ನಾಲ್ಕು ಸಲವೂ ನಾನು ರೇಡಿಯೋದವಳ ಹಾಗೆಯೇ ಹೇಳಿದೆ, ಅವಳು ನಾಲ್ಕು ಸಲವೂ ತಲೆ ಅಲ್ಲಾಡಿಸಿದಳು. ಆರು ನಿಮಿಷಕ್ಕೆ ಅವಳು ನಿಂತ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಹನ್ನೆರಡು ಸಲ ಹಾದದ್ದು ಮತ್ತು ಮೇಲೆ ಇಪ್ಪತ್ತೆರಡು ಮೀಟರ್, ಒಟ್ಟು ಮುನ್ನೂರ ಎಂಬತ್ತೆರಡು. ನಾಡಿ ನೂರ ನಲವತ್ತೆಂಟು. ಇನ್ನು ಉಳಿದದ್ದು ದಣಿವಿನ ಪ್ರಶ್ನೆ. ಅದಕ್ಕೆ ಆರರಿಂದ ಇಪ್ಪತ್ತರವರೆಗೆ ಒಂದು ಅಳತೆಯಿದೆ: ಆರು ಎಂದರೆ ದಣಿವೇ ಇಲ್ಲ, ಇಪ್ಪತ್ತು ಎಂದರೆ ಇನ್ನು ಒಂದು ಹೆಜ್ಜೆಯೂ ಆಗದು.

"ಆರು" ಎಂದಳು ಅವ್ವ. ಆ ಎರಡು ಅಕ್ಷರ ಹೇಳಲು ಎರಡು ಸಲ ಉಸಿರು ತೆಗೆದುಕೊಂಡಳು.

"ಖರೇ ಹೇಳು."

"ನಿಮ್ಮ ಪಟ್ಟಿಯೊಳಗ ಆರರಕಿಂತ ಕಡಿಮಿ ಇಲ್ಲೇನು?"

ಕಾಕುವಿನ ಸರದಿ ಬಂತು. ಅವಳು ಎರಡು ತುಂಬಿದ ಕೊಡ ಹೊತ್ತು ಓಣಿ ಏರುವವಳು. ಬಿರುಗಾಳಿಯ ಹಾಗೆ ಹೋದಳು. ಐದು ನಿಮಿಷ ಆಗುವ ಮೊದಲೇ ಹದಿಮೂರನೇ ಸಲ ಗೆರೆಗೆ ಬಂದು ತಲುಪಿ, ಅಲ್ಲಿಯೇ ನಿಂತು ಕಾಲು ಎತ್ತಿ ಎತ್ತಿ ಹಾಕತೊಡಗಿದಳು.

"ಕಾಕು, ನಡೀರಿ. ಇನ್ನೂ ಒಂದ ನಿಮಿಷ ಐತಿ."

"ನಡ್ಯಾಕತ್ತೇನಲ್ಲ!"

"ಮುಂದ ಹೋಗ್ರಿ."

"ನಿಮ್ಮವ್ವ ಇಲ್ಲೇ ನಿಂತಾಳ. ಆಕಿನ್ನ ದಾಟಿ ಎಲ್ಲಿ ಹೋಗ್ಲಿ?"

"ಅವ್ವ ಅಲ್ಲಿ ಕಟ್ಟಿ ಮ್ಯಾಲ ಎಲಿ ತಿನಕೋತ ಕುಂತಾಳ್ರಿ."

"ಕುಂತಿರ್ಲಿ. ಗೆರಿ ಇಲ್ಲೇ ಐತಲ್ಲ."

ಉಳಿದ ಹದಿಮೂರು ಮಂದಿಯೂ ಹಾಗೆಯೇ ಮಾಡಿದರು. ಬೇಗ ಬಂದವರು ಗೆರೆಯ ಹತ್ತಿರ ನಿಂತು ಕುಣಿದರು, ತಡವಾದವರು ಕೊನೆಗೆ ಓಡಿ ಬಂದು ಗೆರೆ ಮುಟ್ಟಿದರು. ದಣಿವಿನ ಪ್ರಶ್ನೆಗೆ, "ಆಕಿ ಎಷ್ಟ ಬರಸ್ಯಾಳ? ಹಂಗಾರ ನನಗೊಂದ ಕಡಿಮಿ ಹಾಕು" ಎಂದು ಸಂತೆಯಲ್ಲಿ ಬದನೆಕಾಯಿ ಕೊಂಡ ಹಾಗೆ ಚೌಕಾಶಿ ಮಾಡಿದರು. ಕಡೆಗೆ ಎಲ್ಲರಿಗೂ ಮುನ್ನೂರ ಎಂಬತ್ತೆರಡೇ ಬಂತು.

ನನಗೆ ಮಾರ್ಗದರ್ಶಕರಾಗಿದ್ದ ಸರ್ ಮೈಸೂರು ಕಡೆಯವರು. ವಹಿಯನ್ನು ಎರಡು ಸಲ ತಿರುವಿದರು.

"ಏನಮ್ಮ ಇದು? ಹದಿನೈದು ಜನಕ್ಕೂ ಒಂದೇ ದೂರ? ಮನೇಲಿ ಕೂತ್ಕೊಂಡು ಬರೆದ್ಯಾ?"

"ಇಲ್ಲ ಸರ್. ಅವರು ನಮ್ಮವ್ವನ್ನ ದಾಟಂಗಿಲ್ಲ."

"ಯಾಕೆ?"

"ದಾಟಂಗಿಲ್ಲ ಸರ್."

ಕೋನ್‌ಗಳ ಮೇಲಿನ ಕುಂಕುಮ ನೋಡಿದ ಮೇಲೆ ಅವರಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧಕ್ಕೆ ಮುಂದಿನ ಭಾನುವಾರ ತಾವೇ ಊರಿಗೆ ಬಂದರು. ಬಸ್ಸಿಳಿಯುತ್ತಲೇ ಉಪಾಯ ಹೇಳಿದರು: ಈ ಸಲ ಅವ್ವ ಕೊನೆಗೆ ನಡೆಯಲಿ. ಗೆರೆಯೇ ಇಲ್ಲದಿದ್ದರೆ ಯಾರು ಎಲ್ಲಿ ನಿಲ್ಲುತ್ತಾರೆ? ನನಗೂ ಅದು ಸರಿ ಎನಿಸಿತು. ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಎರಡು ಲೋಟ ಮಜ್ಜಿಗೆ ಮುಗಿಸುವವರೆಗೆ ಅವರನ್ನು ಯಾರೂ ಏಳಗೊಡಲಿಲ್ಲ. ಆಮೇಲೆ ಅವರು ಗಡಿಯಾರ ಹಿಡಿದು ಮಂದಿರದ ನೆರಳಿಗೆ ನಿಂತರು.

ಕಾಕು ಮೊದಲು ಹೊರಟಳು. ಮದುಮಗಳು ಹೊಸ್ತಿಲು ದಾಟುವ ಹಾಗೆ ಹೆಜ್ಜೆ ಇಟ್ಟಳು. ಆರು ನಿಮಿಷಕ್ಕೆ ಇನ್ನೂರ ಹತ್ತು ಮೀಟರ್.

"ಅಮ್ಮಾ, ನಿಮಗೆ ಕಾಲು ನೋವೇನಾದ್ರೂ ಇದ್ಯಾ?" ಸರ್ ಗಾಬರಿಯಾದರು.

"ಇಲ್ರಿ ಸರ. ಗಟ್ಟಿ ಅದೇನಿ."

"ಮತ್ತೆ ಹೋದ ವಾರ ಅಷ್ಟು ಜೋರಾಗಿ ನಡೆದ್ರಲ್ಲ?"

ಕಾಕು ಅವ್ವನ ಕಡೆ ನೋಡಿ, ನನ್ನ ರಟ್ಟೆ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡು ಹೋದಳು. "ನಿಮ್ಮ ಸರಗ ತಿಳಿಯಂಗಿಲ್ಲ, ನಿನಗರ ತಿಳಿಬಾರದ? ಅಕ್ಕಗ ಈಗ ಮೊದಲಿನ ಹಂಗ ಆಗಂಗಿಲ್ಲ. ಹೋದ ವರ್ಷ ದಾರಿಯೊಳಗ ಚಪ್ಪಲಿ ಹರೀತು, ಮುಳ್ಳ ಚುಚ್ಚಿತು ಅಂತ ನಾವ ಸುಳ್ಳ ಹೇಳಿ ಹೇಳಿ ನಿಂತೇವಿ, ಆಕಿ ದಮ್ಮ ತಗೊಳ್ಲಿ ಅಂತ. ಈಗ ನಾವು ಜಗ್ಗಿ ನಡದ್ರ ಆಕಿ ನಪಾಸ ಆಗ್ತಾಳ. ನಿಮ್ಮಣ್ಣ ಬಿಡಂಗಿಲ್ಲ."

ಉಳಿದ ಹದಿಮೂರು ಮಂದಿಯೂ ಇನ್ನೂರು ಇನ್ನೂರ ಹತ್ತರ ಒಳಗೆ ನಿಂತರು. ಅವ್ವ ಕೊನೆಗೆ ನಡೆದು ಮತ್ತೆ ಮುನ್ನೂರ ಎಂಬತ್ತು ದಾಟಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಕಾಕುವನ್ನು ಹಂಗಿಸಿದಳು: "ಏನಾಗೇತಿ ನಿನಗ? ಮುದುಕಿ ಆದೇನು?"

"ಹೌದಕ್ಕಾ, ವಯಸ್ಸಾತು" ಎಂದಳು ಕಾಕು. ಅವಳು ಅವ್ವನಿಗಿಂತ ಎಂಟು ವರ್ಷ ಚಿಕ್ಕವಳು.

ಸರ್ ಹಿಂದಿರುಗುವ ಬಸ್ಸಿಗೆ ಕಾಯುತ್ತ ಎರಡೂ ದಿನದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಹೇಳಿದರು, "ಎರಡನೇದು ಬಿಡು. ಮೊದಲನೇ ದಿನದ್ದೇ ಇಟ್ಕೋ. ದೂರ ಒಂದೇ ಆದ್ರೂ ನಾಡಿ ಬೇರೆ ಬೇರೆ ಇದೆ. ಇವರು ಕಾಲನ್ನ ತಡೀಬಹುದು, ನಾಡೀನ ತಡೆಯೋಕಾಗಲ್ಲ. ಒಂದೇ ದೂರಕ್ಕೆ ಯಾರ ಎದೆ ಎಷ್ಟು ದುಡೀತು ಅಂತ ಬರಿ." ಸಂಶೋಧನೆಯ ವಿಷಯವನ್ನು ಬದಲಿಸಿ ಹಾಳೆಯ ಮೇಲೆ ಗೀಚಿಕೊಟ್ಟರು. ಬಸ್ಸು ಹತ್ತುವಾಗ ತಿರುಗಿ ಕೇಳಿದರು: "ಒಂದನೇ ನಂಬರ್ ನಿಮ್ಮಮ್ಮ ಅಲ್ವಾ? ಡಾಕ್ಟರ ಹತ್ರ ಕರ್ಕೊಂಡು ಹೋಗು. ಈ ವಾರಾನೇ."

ಕರೆದುಕೊಂಡು ಹೋದೆ. ತಾಲೂಕಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರು, ಗುಳಿಗೆ ಬರೆದರು. "ದಿನಾ ಅರ್ಧ ತಾಸ ಸಾವಕಾಶ ನಡೀರಿ. ದಮ್ಮ ಬಂದ್ರ ಕುಂದ್ರಿ. ಸೊಲ್ಲಾಪುರಕ್ಕ ಹೋಗಿ ದೊಡ್ಡ ಪರೀಕ್ಷಾ ಮಾಡಿಸ್ಕೋರಿ" ಎಂದರು. ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ ಅವ್ವ ಕೇಳಿದಳು:

"ನಡೀರಿ ಅಂದ್ರೋ ಇಲ್ಲೋ?"

"ಅರ್ಧ ತಾಸು ಅಂದ್ರು."

"ನಡೀರಿ ಅಂದ್ರೋ ಇಲ್ಲೋ, ಅಷ್ಟ ಹೇಳು."

"ಅಂದ್ರು."

"ಸೊಲ್ಲಾಪುರಕ್ಕ ಏಕಾದಶಿ ಆದಮ್ಯಾಲ ಹೋಗೂಣು."

ಆ ಸಂಜೆ ಅಣ್ಣ ಎಷ್ಟು ಬಂತೆಂದು ಕೇಳಿದ. ಮುನ್ನೂರ ಎಂಬತ್ತೆರಡು ಮೀಟರ್, ಹದಿನೈದು ಜನರಲ್ಲಿ ಯಾರಿಗೂ ಅವ್ವನಿಗಿಂತ ಹೆಚ್ಚು ಬಂದಿಲ್ಲ ಎಂದೆ. ಡಾಕ್ಟರು ನಡೆಯಿರಿ ಎಂದಿದ್ದಾರೆ ಎಂದೆ. ಎರಡರಲ್ಲಿಯೂ ಸುಳ್ಳಿರಲಿಲ್ಲ. ನೂರ ನಲವತ್ತೆಂಟನ್ನು ಹೇಳಲಿಲ್ಲ, ಅರ್ಧ ತಾಸನ್ನು ಹೇಳಲಿಲ್ಲ, ಸೊಲ್ಲಾಪುರವನ್ನೂ ಹೇಳಲಿಲ್ಲ. ಅವನು ಒಪ್ಪಿಕೊಂಡ. ಅವ್ವ ಒಳಗೆ ದೇವರ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬತ್ತಿ ಹೊಸೆಯುವವಳು ಅಷ್ಟು ಗಟ್ಟಿಯಾಗಿ ವಿಠ್ಠಲನ ಅಭಂಗ ಹೇಳಬೇಕಾಗಿರಲಿಲ್ಲ.

ನಾನೂ ದಿಂಡಿಗೆ ಹೋದೆ. ಬೆರಳಿಗೆ ಸಿಕ್ಕಿಸಿ ನಾಡಿ ನೋಡುವ ಸಣ್ಣ ಯಂತ್ರ ಒಯ್ದಿದ್ದೆ, ಅವ್ವನಿಗೆಂದು. ಮೊದಲ ಬಿಡಾರದಲ್ಲಿಯೇ ಹದಿನಾಲ್ಕು ಬೆರಳುಗಳು ಸಾಲುಗಟ್ಟಿದವು. ಊಟಕ್ಕೆ ಮೊದಲು ಒಮ್ಮೆ, ಊಟವಾದ ಮೇಲೆ ಒಮ್ಮೆ. ಕಾಕು ಹೆಬ್ಬೆರಳು ಸಿಕ್ಕಿಸಿ ಎಪ್ಪತ್ತೆರಡು ಬಂತೆಂದು ಬೀಗಿದಳು. ಇನ್ನೊಬ್ಬಳು ತನಗೆ ಎಂಬತ್ತು ಬಂದಿದೆ, ತನ್ನದೇ ಹೆಚ್ಚು ಎಂದು ಜಗಳ ತೆಗೆದಳು. ಅವ್ವ ಮಾತ್ರ, "ನನ್ನ ಕೈ ತೊಳದಿಲ್ಲ", "ನನ್ನ ಬೆರಳಿಗಿ ಸುಣ್ಣ ಹತ್ತೇತಿ" ಎಂದು ದಿನಕ್ಕೊಂದು ನೆವ ಹೇಳಿದಳು.

ನಾಲ್ಕನೇ ದಿನ ಮಂಗಳವೇಡೆ ದಾಟಿದ ಮೇಲೆ ಒಂದು ಬೇವಿನ ಮರದ ಕೆಳಗೆ ಅವಳು ನಿಂತಳು. ತುಳಸಿಯನ್ನು ತಾನೇ ಇಳಿಸಿದಳು. ಇಪ್ಪತ್ತೆರಡು ವರ್ಷದಲ್ಲಿ ನಡುದಾರಿಯಲ್ಲಿ ಹಾಗೆ ಇಳಿಸಿದ್ದನ್ನು ಕಂಡವರಿಲ್ಲ. ನಾನು ಪಕ್ಕದಲ್ಲಿ ಕೂತು ಕೇಳಿದೆ, ಆರರಿಂದ ಇಪ್ಪತ್ತರಲ್ಲಿ ಎಷ್ಟು?

"ಹದಿನೆಂಟು ಬರಕೋ" ಎಂದಳು.

ನನ್ನ ಹತ್ತಿರ ವಹಿ ಇರಲಿಲ್ಲ.

ಅವಳು ಕೂತಳೆಂದು ಎಲ್ಲರೂ ಕೂತರು. "ನೀವು ನಡೀರಿ, ನಾ ಹಿಂದಿನಿಂದ ಬರ್ತೇನಿ" ಎಂದಳು. ಯಾರೂ ಏಳಲಿಲ್ಲ. ಬೈದಳು, ಕಾಕು ಸಂಚಿ ಬಿಚ್ಚಿ ಅಡಿಕೆ ಕತ್ತರಿಸತೊಡಗಿದಳು. ಅಷ್ಟರಲ್ಲಿ ನಮ್ಮ ಹಾಸಿಗೆ ಪಾತ್ರೆ ಹೊತ್ತ ಟೆಂಪೋ ಹಿಂದಿನಿಂದ ಬಂತು. ಅದರ ಡ್ರೈವರ್ ನಮ್ಮ ಊರಿನವನೇ.

ಕಾಕು ಎದ್ದಳು. "ಅಕ್ಕಾ, ತುಳಸಿ ಮುಂದಿರಬೇಕು, ಹೌದಲ್ಲ? ಕಾಲಿಲೇ ಮುಂದಿರಬೇಕು ಅಂತ ಎಲ್ಲೈತಿ?"

"ಗಾಡಿ ಹತ್ತಂಗಿಲ್ಲ ನಾ."

"ಇದು ಬಸ್ ಅಲ್ಲ. ಟಿಕೀಟ್ ಐತೇನು? ಸೀಟ್ ಐತೇನು?"

ಅವ್ವ ಟೆಂಪೋವನ್ನು ಮೇಲಿಂದ ಕೆಳಗೆ ನೋಡಿದಳು. ನಿಜವಾಗಿಯೂ ಸೀಟು ಇರಲಿಲ್ಲ. ಅವಳನ್ನು ಹಾಸಿಗೆಯ ಗಂಟುಗಳ ಮೇಲೆ, ನಮ್ಮ ಕಡೆ ಮುಖ ಮಾಡಿ ಕೂರಿಸಿದೆವು; ತೊಡೆಯ ಮೇಲೆ ತುಳಸಿ. ಟೆಂಪೋ ಮುಂದೆ, ಹದಿನಾಲ್ಕು ಹೆಂಗಸರು ಮತ್ತು ನಾನು ಹಿಂದೆ. ಒಂದು ಫರ್ಲಾಂಗಿಗೆ ಡ್ರೈವರ್ ಕೂಗಿಕೊಂಡ: "ಯವ್ವಾ, ಫಸ್ಟ್ ಗೇರಿನ್ಯಾಗ ಎಷ್ಟೊತ್ತ ಹೊಡೀಲಿ? ಕ್ಲಚ್ ಸುಟ್ಟ ಹೋಗತೈತಿ! ಸ್ವಲ್ಪ ಲಗೂ ನಡೀರಿ!"

"ಬ್ಯಾಸರಾದ್ರ ಇಳದು ನಡಿ" ಎಂದಳು ಅವ್ವ ಮೇಲಿನಿಂದ. ತಾಳ ತೆಗೆದುಕೊಂಡು ಪದ ಎತ್ತಿದಳು. ದಮ್ಮು ಸಾಲದ ಕಡೆ ನಾವು ಹಿಡಿದೆವು.

ಪಂಢರಪುರದ ಸೀಮೆಯಲ್ಲಿ ಇಳಿದು ಕೊನೆಯ ಓಣಿಯನ್ನು ನಡೆದಳು. ಗುಡಿಯ ಒಳಗೆ ಹೋಗಲಾಗದಷ್ಟು ಗದ್ದಲ. ಕಳಸಕ್ಕೆ ಕೈ ಮುಗಿದು, "ಕಂಡ, ಸಾಕು" ಎಂದಳು. ಮನೆಗೆ ಬಂದಾಗ ಅಣ್ಣ ಕೇಳಿದ, ದಾರಿ ಹೇಗಾಯಿತು? "ಎಲ್ಲಾರಕಿಂತ ಮುಂದ ಇದ್ದೆ" ಎಂದಳು. ಮುಂದೆ ಸೊಲ್ಲಾಪುರಕ್ಕೂ ಹೋದೆವು. ಗುಳಿಗೆಗಳು ಒಂದರಿಂದ ನಾಲ್ಕಾದವು. ಮಾಘದಲ್ಲಿ ಒಂದು ಮಧ್ಯಾಹ್ನ, ಅರ್ಧ ಕಪ್ ಚಹಾ ಕೇಳಿ, ನಾನು ತರುವುದರೊಳಗೆ ಹೋಗಿದ್ದಳು.

ಅವ್ವನ ದಿನಕರ್ಮ ಮುಗಿದು ಕೆಲವು ವಾರಗಳಾದ ಮೇಲೆ ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅವನು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದ. ನೂರ ನಲವತ್ತೆಂಟು, ಅರ್ಧ ತಾಸು, ಸೊಲ್ಲಾಪುರ, ಬೇವಿನ ಮರ, ಟೆಂಪೋ. ಅವನು ಕೆಂಪು ಪೆನ್ನಿನ ಮುಚ್ಚಳ ಹಾಕಿದ.

"ಹೋಗದಿದ್ರ ಆಕಿ ಉಳೀತಿದ್ಲು ಅಂತ ನಿಮ್ಮ ಪುಸ್ತಕದಾಗ ಐತೇನು?"

"ಇಲ್ಲ."

"ಹ್ಯಾಂಗಿದ್ರೂ ಉಳೀತಿದ್ದಿಲ್ಲ ಅಂತ ಐತೇನು?"

"ಅದೂ ಇಲ್ಲ."

"ಮತ್ತ ಎರಡ ವರ್ಷ ಏನ್ ಕಲಿಸಿದ್ರು ಅಲ್ಲಿ?"

"ಎಣಸೂದು" ಎಂದೆ.

ಅವನು ನಕ್ಕನೋ ಏನೋ, ನಾನು ಮುಖ ನೋಡಲಿಲ್ಲ. ಉತ್ತರಪತ್ರಿಕೆಗಳನ್ನು ಸರಿಸಿ ಕೈ ಚಾಚಿದ. "ಹಂಗಾರ ನಂದೂ ನೋಡು."

ಮೂರು ಬೆರಳು ಇಟ್ಟು ನಾಡಿ ಹುಡುಕಿದೆ. ಅವನು ಏನೋ ಹೇಳಲು ಹೋದ. ಮಾತಾಡಬೇಡ, ಎಣಿಕೆ ತಪ್ಪುತ್ತದೆ ಎಂದೆ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಸಾಕಾಗುತ್ತದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ನಾನು ಪೂರ್ತಿ ಒಂದು ನಿಮಿಷ ಎಣಿಸಿದೆ. ಎಂಬತ್ತಾರು ಇತ್ತು. ಆಗಷ್ಟೇ ಚಹಾ ಕುಡಿದು ಕೂತವನಿಗೆ ಅದು ಸರಿಯೇ.